ಬಣ್ಣದ ತುದಿ

ಲಿಫ್ಟಿನ ಜಾಲರಿ ಬಾಗಿಲು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಚೀಲವನ್ನು ಕಾಲ ಸಂದಿಯಲ್ಲಿ ಒತ್ತಿ ಹಿಡಿದು, ಎರಡೂ ಕೈ ಹಾಕಿ ಅವಳು ಅದನ್ನು ಜಗ್ಗುತ್ತಿದ್ದಾಗ ಹೊರಗಿನಿಂದ ಒಂದು ಮುದಿ ಕೈ ಬಂದು ಅಡ್ಡ ಹಿಡಿಯಿತು.

“ತಡಿಯೇ ಕಿಡಿ, ನಾನೂ ಬರ್ತೀನಿ. ನಿಮ್ಮಪ್ಪನ್ನ ನೋಡೋಕೆ ಅಂತ ನಾಲ್ಕು ಮಹಡಿ ಹತ್ತಿ ನಾನೂ ಪಕ್ಕದಲ್ಲೇ ಮಲಗಿಬಿಟ್ರೆ, ನಿಮ್ಮಣ್ಣನಿಗೆ ಒಂದೇ ದಿನ ಎರಡು ಹೊರೆ.”

ಸಾಣೆ ಮಾಮ. ಬೀದಿ ಬೀದಿ ಸುತ್ತಿ ಚಾಕು, ಕತ್ತರಿಗೆ ಸಾಣೆ ಹಿಡಿಯುತ್ತಿದ್ದವನು, ಈಗ ಕಣ್ಣು ಮಂಜಾಗಿ ಮನೆ ಹಿಡಿದಿದ್ದಾನೆ. ಅಪ್ಪನ ಉಕ್ಕಿನ ಅಂಗಡಿಯ ಬಾಗಿಲಲ್ಲಿ ಕೂತು ಜೀವಮಾನವಿಡೀ ಹರಟೆ ಹೊಡೆದವನು. ತಮಾಷೆ ಮಾಡದೆ ಅವನಿಗೆ ಅಳುವುದಕ್ಕೂ ಬರುವುದಿಲ್ಲ. ಒಳಗೆ ಬಂದವನೇ ಅವಳ ತಲೆಯ ಮೇಲೆ ಕೈಯಿಟ್ಟು, ಮುಖವನ್ನು ಆಚೆ ತಿರುಗಿಸಿಕೊಂಡ.

ಅವಳನ್ನು ಕಿಡಿ ಎಂದು ಕರೆಯುವವರು ಈ ಕಟ್ಟಡದಲ್ಲಿ ಮಾತ್ರ. ಬಸ್ಸಿನಲ್ಲಿ ಅರ್ಧ ದಿನದ ದೂರದ ಊರಿನಲ್ಲಿ ಅವಳಿಗೊಂದು ಹೊಲಿಗೆ ಅಂಗಡಿಯಿದೆ, ಅಲ್ಲಿ ನಾಲ್ಕು ಹೆಂಗಸರು ಅವಳನ್ನು ಮೇಡಂ ಎನ್ನುತ್ತಾರೆ. ಇಲ್ಲಿ ತಲೆ ನರೆಯುತ್ತ ಬಂದರೂ ಕಿಡಿಯೇ.

ಈ ಲಿಫ್ಟು ಸಾಮಾನು ಸಾಗಿಸಲು ಮಾಡಿದ್ದು. ನೆಲಮಹಡಿಯಲ್ಲಿ ಅಂಗಡಿ, ಹಿಂದೆ ವರ್ಕ್‌ಶಾಪು, ಮೇಲೆ ಬಾಡಿಗೆಗೆ ಕೊಟ್ಟ ಗೋದಾಮುಗಳು, ಎಲ್ಲಕ್ಕಿಂತ ಮೇಲೆ ಮನೆ. ಸಿಮೆಂಟಿನ ಮೂಟೆ, ಪೇಪರಿನ ಬಂಡಲು, ಮನೆಯ ಮಕ್ಕಳು ಎಲ್ಲರೂ ಅದರಲ್ಲೇ. ಅವಳ ನೆನಪಿನಲ್ಲಿ ಅದು ಹೆರಿಗೆಯ ನೋವಿನವಳ ಹಾಗೆ ನರಳುತ್ತ ಏರುತ್ತಿತ್ತು. ಯಾರು ಎಷ್ಟು ಹೊತ್ತಿಗೆ ಮನೆಗೆ ಬಂದರೆಂದು ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಇವತ್ತು ಗುಂಡಿ ಒತ್ತಿದರೆ ನೆಲವೇ ಕೆಳಗೆ ಜಾರಿತೇ ಹೊರತು ಒಂದು ಕಿರಿಕ್ ಎನ್ನಲಿಲ್ಲ.

“ಸದ್ದೇ ಇಲ್ವಲ್ಲ, ಮಾಮ.”

“ನಿಮ್ಮಣ್ಣ ಮೇಲಿನ ರಾಟೆಗೆ ಹೊಸ ಶಾಫ್ಟ್ ಹಾಕಿದ್ದಾನೆ. ನಿಮ್ಮಪ್ಪ ಆಸ್ಪತ್ರೆ ಸೇರಿದನಲ್ಲ, ಆ ವಾರವೇ. ಅದಕ್ಕೆ ಸುರಿದಿರೋ ಗ್ರೀಸಲ್ಲಿ ನಾನು ಒಂದು ವರ್ಷ ಒಗ್ಗರಣೆ ಹಾಕ್ಕೋಬಹುದಿತ್ತು.”

ಅವಳು ನಕ್ಕಳು, ನಕ್ಕದ್ದಕ್ಕೆ ನಾಚಿದಳು. ಜಾಲರಿಯಾಚೆ ಗೋಡೆ ಸುಮ್ಮನೆ ಕೆಳಗಿಳಿಯುತ್ತಿತ್ತು. ಅಂಗಡಿಯ ಮುಂದೆ ಹಾದು ಬರುವಾಗ, ಸರಳುಗಳನ್ನು ಜೋಡಿಸಿಟ್ಟ ಉದ್ದನೆಯ ಅಟ್ಟಣೆಯ ಕಡೆ ಕಣ್ಣು ಹೋಗಿ ಏನೋ ಇಲ್ಲ ಎನ್ನಿಸಿತ್ತು. ಹಲ್ಲು ಕಟ್ಟಿಸಿಕೊಂಡವರನ್ನು ಹಲ್ಲಿಲ್ಲದೆ ನೋಡಿದ ಹಾಗೆ. ಅಪ್ಪ ಇಲ್ಲವಲ್ಲ, ಅದಕ್ಕೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

*

ಅಪ್ಪನ ಹತ್ತಿರ ಉಕ್ಕು ಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಯಾರೇ ಬಂದು “ಒಂದು ಮೊಳದ ಸರಳು ಕೊಡಿ” ಎಂದರೆ, ಅಪ್ಪ ಕತ್ತಿನ ಟವೆಲಿನಲ್ಲಿ ಕೈ ಒರೆಸುತ್ತ, “ಏನ್ ಮಾಡ್ತೀರ ಅದ್ರಲ್ಲಿ?” ಎನ್ನುತ್ತಿದ್ದ.

“ನಿಮಗ್ಯಾಕ್ರೀ? ದುಡ್ಡು ಕೊಡ್ತೀನಿ, ಕೊಡ್ರೀ.”

“ಕಿಟಕಿಗೆ ಹಾಕೋದಾದ್ರೆ ಈ ಬಿಳೀದು ತಗೊಳ್ಳಿ. ಬಗ್ಗಿಸಿದ ಹಾಗೆ ಬಗ್ಗುತ್ತೆ, ವೆಲ್ಡಿಂಗು ಹಿಡಿಯುತ್ತೆ. ಉಳಿ ಮಾಡೋದಾದ್ರೆ ಇದು ಬೇಡ, ಒಂದೇ ದಿನಕ್ಕೆ ಬಾಯಿ ಮಡಚಿಕೊಳ್ಳುತ್ತೆ. ನೀಲಿ ತಗೊಳ್ಳಿ, ಕಾಯಿಸಿ ಎಣ್ಣೇಲಿ ಅದ್ದಿದ್ರೆ ಹದ ಕೂರುತ್ತೆ. ಏನ್ ಮಾಡ್ತೀರ?”

ಹೇಳದೆ ಹೋದವರಿಗೆ ಕೊಡುತ್ತಿರಲಿಲ್ಲ. ಸುಳ್ಳು ಹೇಳಿದವರಿಗೂ ಕೊಡುತ್ತಿರಲಿಲ್ಲ. ಇದೆಂಥ ವ್ಯಾಪಾರವೋ ದೇವರೇ ಬಲ್ಲ. ಅವಳ ಅಮ್ಮ ಬದುಕಿದ್ದಷ್ಟು ದಿನವೂ, “ನಿಮ್ಮಪ್ಪ ಮಾರೋದಿಲ್ಲ ಕಣೇ, ಹೆಣ್ಣು ಕೊಟ್ಟ ಹಾಗೆ ವಿಚಾರಿಸಿ ಕೊಡ್ತಾನೆ” ಎನ್ನುತ್ತಿದ್ದಳು.

ಉಕ್ಕಿಗೆ ಮುಖವಿಲ್ಲ, ಅದೇ ತೊಂದರೆ. ಬಾಗಿಲ ಚಿಲಕಕ್ಕಷ್ಟೇ ಲಾಯಕ್ಕಾದ ಸರಳೂ, ಬಸ್ಸಿನ ಚಕ್ರ ಹೊರುವ ಸರಳೂ ಒಂದೇ ದಪ್ಪ, ಒಂದೇ ಹೊಳಪು, ಕೈಯಲ್ಲಿ ಹಿಡಿದರೆ ಒಂದೇ ತೂಕ. ಅದಕ್ಕೇ ಪ್ರತಿ ಸರಳಿನ ಒಂದು ತುದಿಗೆ ಬಣ್ಣ. ಸಾಧಾರಣ ಕೆಲಸದ್ದಕ್ಕೆ ಬಿಳಿ, ಹದ ಕೊಟ್ಟು ಅಲಗು ಮಾಡುವುದಕ್ಕೆ ನೀಲಿ, ತುಕ್ಕು ಹಿಡಿಯದ ಸ್ಟೇನ್‌ಲೆಸ್ಸಿಗೆ ಹಸಿರು. ತಿರುಪುಮೊಳೆ, ಬುಶ್ಶು ಅಂಥ ಸಣ್ಣಪುಟ್ಟದ್ದನ್ನು ಲೇತಿನಲ್ಲಿ ಸರಸರ ಕಡಿಯಲೆಂದು ಗಂಧಕ ಬೆರೆಸಿ ಮಾಡಿದ್ದು ಹಳದಿ. ಭಾರ ಹೊತ್ತು ತಿರುಗುವ ಅಚ್ಚು, ಶಾಫ್ಟುಗಳಿಗೆ ಕೆಂಪು.

ಸರಳುಗಳನ್ನು ಬಣ್ಣದ ತುದಿ ಕಾಣುವ ಹಾಗೆ ಹೊರಗೆ ಮುಖಮಾಡಿ ಇಡುತ್ತಿದ್ದರು. ಎಳೆದ ಕೂಡಲೇ ಗರಗಸಕ್ಕೆ ಮೊದಲು ಸಿಗುವುದು ಆ ತುದಿಯೇ. ಅಲ್ಲಿಂದ ಕತ್ತರಿಸಿದರೆ ಬಣ್ಣ ಗಿರಾಕಿಯ ಕೈಲಿ ಹೋಗುತ್ತದೆ, ಉಳಿದ ಸರಳು ಹೆಸರಿಲ್ಲದ್ದಾಗುತ್ತದೆ. ಹಾಗಾಗಿ ಅಪ್ಪ ಪ್ರತಿ ಸಲವೂ ಸರಳನ್ನು ಪೂರ್ತಿ ಎಳೆದು, ಬೀದಿಗೆ ತಂದು, ಹೋಗುವ ಬರುವವರಿಂದ ಬೈಸಿಕೊಳ್ಳುತ್ತ ಅದನ್ನು ಹಿಂದುಮುಂದು ತಿರುಗಿಸಿ, ಬೋಳು ತುದಿಯಿಂದ ಕತ್ತರಿಸುತ್ತಿದ್ದ. ಅಂಗೈಯಷ್ಟು ಬೇಕಿದ್ದರೂ ಇಷ್ಟು ಸಂಭ್ರಮ. ಅಣ್ಣನಿಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. “ನೆನಪಿಟ್ಕೊಂಡ್ರೆ ಸಾಲದಾ? ಎಡಗಡೇದು ಇದು, ಬಲಗಡೇದು ಅದು ಅಂತ?” ಎನ್ನುತ್ತಿದ್ದ.

“ನಾನು ಸತ್ತ ಮೇಲೆ ನನ್ನ ನೆನಪನ್ನ ಯಾರ್ ಓದ್ತಾರೋ?” ಎನ್ನುತ್ತಿದ್ದ ಅಪ್ಪ.

ಎಲ್ಲಿಂದಲೋ ಬಣ್ಣವಿಲ್ಲದ ತುಂಡು ಬಂದರೆ, ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಪುಟ್ಟ ಸುತ್ತಿಗೆಯಿಂದ ಎರಡೇ ಎರಡು ಸಲ ತಟ್ಟುತ್ತಿದ್ದ. ಟಕ್, ಟಕ್. ತಲೆ ವಾಲಿಸಿ ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ ನಾದ ಸತ್ತಿರುತ್ತದಂತೆ. ಆಮೇಲೆ ಗ್ರೈಂಡರಿಗೆ ಹಿಡಿದು ಕಿಡಿ ನೋಡುವುದು. ಗ್ರೈಂಡರಿನ ಮೇಲೆ ತಂತಿಯಲ್ಲಿ ಒಂದೊಂದು ಬಣ್ಣದ ಒಂದೊಂದು ತುಂಡನ್ನು ಪೋಣಿಸಿಟ್ಟಿದ್ದ, ಹೋಲಿಸಿ ನೋಡುವುದಕ್ಕೆ. ಮಗ ಕಣ್ಣುಜ್ಜಿಕೊಂಡು ಓಡುತ್ತಿದ್ದ, ಮಗಳು ಕದಲುತ್ತಿರಲಿಲ್ಲ.

“ಇದೇನು ಹೇಳು?”

“ಮತಾಪಿನ ಹಾಗೆ ಚಿಟಿಚಿಟಿ ಅಂತಿದೆ. ನೀಲಿ.”

“ಇದು?”

“ಉದ್ದುದ್ದ ಬರ್ತಿದೆ, ಹುಲ್ಲುಕಡ್ಡಿ ಥರ. ಕೊನೇಲಿ ಉಬ್ಬಿ ಆರಿಹೋಗ್ತಿದೆ. ಹಳದಿ.”

“ಇದು?”

“ಗಿಡ್ಡ. ಕಿತ್ತಳೆ ಬಣ್ಣ. ತುದೀಲಿ ಹಾವಿನ ನಾಲಿಗೆ. ಕೆಂಪು, ಅಪ್ಪ, ಕೆಂಪು!”

ಆ ಹೆಸರು ಹಾಗೆ ಅಂಟಿಕೊಂಡಿತು.

*

ಅಪ್ಪನನ್ನು ಮುಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಮಲಗಿಸಿ, ಜಾರದ ಹಾಗೆ ಬಿಳಿ ಬಟ್ಟೆಯಿಂದ ಎರಡು ಕಡೆ ಕಟ್ಟಿದ್ದರು. ಬೆರಳುಗಳ ಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗಿರಲಿಲ್ಲ. ಅವಳು ಆ ಕೈ ಹಿಡಿದು, ಬಾಯಿಬಿಟ್ಟು ಅತ್ತಳು. ಅತ್ತಿಗೆ ಬಂದು ಅವಳನ್ನು ತಬ್ಬಿಕೊಂಡು ತಾನೂ ಅತ್ತಳು. ಆಮೇಲೆ ಎಲ್ಲ ಸಾವಿನ ಮನೆಗಳಲ್ಲಿ ಆಗುವ ಹಾಗೆ ಅಳು ನಿಂತು ಮಾತು ಶುರುವಾಯಿತು.

ಕೋಣೆಯ ತುಂಬ ಗಿರಾಕಿಗಳು. ಗೇಟು ಮಾಡುವ ವೆಲ್ಡರ್ ಹೇಳುತ್ತಿದ್ದ: “ನನ್ನ ಮದುವೆ ಮಂಚಕ್ಕೆ ಕಬ್ಬಿಣ ಕೇಳಿದ್ರೆ, ಏನ್ ಮಾಡ್ತೀಯ ಅಂದ್ರು. ಮಂಚದಲ್ಲಿ ಏನ್ ಮಾಡ್ತಾರೆ ಅಂತ ಅಷ್ಟು ಜನದ ಮುಂದೆ ಹೇಗ್ ಹೇಳೋದು?”

“ನಂಗೆ ಒಂದು ಸಲ ಹಳೇ ಲಾರಿ ಸ್ಪ್ರಿಂಗಿನ ಪಟ್ಟಿ ಕೊಟ್ಟ,” ಎಂದ ಸಾಣೆ ಮಾಮ. “ಅದರಲ್ಲಿ ಮಾಡಿದ ಚಾಕು ನನ್ನ ಹೆಂಡತೀನ ದಾಟಿ, ಸೊಸೇನ ದಾಟಿ, ಈಗ ಮೊಮ್ಮಗಳ ಕೈಲಿದೆ. ನನ್ನ ಹಲ್ಲು ಒಂದೂ ಉಳಿದಿಲ್ಲ, ಅದಕ್ಕಿನ್ನೂ ಹರಿತ.”

ಅಣ್ಣ ಒಳಗೆ ಹೊರಗೆ ಓಡಾಡುತ್ತಿದ್ದ. ಕಣ್ಣು ಊದಿಕೊಂಡಿತ್ತು, ಗಡ್ಡ ಬಂದಿತ್ತು. ಅವನ ಮಗಳು ಪುಟ್ಟಿ ಅವನ ಅಂಗಿಯ ಚುಂಗು ಬಿಡದೆ ಹಿಂದೆ ಹಿಂದೆ ತಿರುಗುತ್ತಿತ್ತು. “ಲಿಫ್ಟಲ್ಲೇ ಇಳಿಸೋಣ,” ಎಂದು ಅವನು ವೆಲ್ಡರಿಗೆ ಹೇಳುತ್ತಿದ್ದ. “ಹಲಗೆ ಸೇರಿ ಆರು ಜನ ಆರಾಮಾಗಿ ಹಿಡೀತಾರೆ. ಮೆಟ್ಟಿಲಲ್ಲಿ ಆಗಲ್ಲ, ತಿರುವಲ್ಲಿ ನೆಟ್ಟಗೆ ನಿಲ್ಲಿಸಬೇಕಾಗುತ್ತೆ.”

“ಪಾಪ, ಬದುಕಿದ್ದಾಗ ಲಿಫ್ಟು ಬೇಡ ಅಂತ ಹಟ ಹಿಡಿದ,” ಎಂದಳು ಅತ್ತೆ, ಅಪ್ಪನ ಅಕ್ಕ. “ಆಸ್ಪತ್ರೆಯಿಂದ ಬಂದ ಮೇಲೆ ಮಾತು ಬಿದ್ದುಹೋಗಿತ್ತಲ್ಲ. ಮತ್ತೆ ತೋರಿಸೋಕೆ ಕರ್ಕೊಂಡು ಹೊರಟ್ರೆ, ಲಿಫ್ಟಿನ ಬಾಗಿಲು ಹಿಡ್ಕೊಂಡು ಬಿಡಲೇ ಇಲ್ಲ ಮಹರಾಯ. ಕುರ್ಚೀಲಿ ಕೂರಿಸಿ ಮೆಟ್ಟಿಲಲ್ಲೇ ಹೊತ್ಕೊಂಡು ಹೋಗಬೇಕಾಯ್ತು. ವಯಸ್ಸಾದ ಮೇಲೆ ಮಕ್ಕಳ ಥರ ಅಂಜಿಕೆ.”

“ಅಪ್ಪ ಗೋಡೆ ತಟ್ಟೋದು ನಿಲ್ಲಿಸಿದ್ನಾ ಕೊನೆಗೆ?” ಎಂದು ಅವಳು ಕೇಳಿದಳು.

“ಎಲ್ಲಿ! ಲಿಫ್ಟು ಓಡಿದಾಗೆಲ್ಲ ತಟ್ತಿದ್ದ. ಕೊನೇ ದಿನದವರೆಗೂ. ಸದ್ದೆಲ್ಲಾ ನಿಂತ ಮೇಲೂ ತಟ್ತಿದ್ದ. ಎರಡು ಸಲ ತಟ್ಟೋದು, ಕಿವಿ ಕೊಡೋದು.”

ಆ ಮಾತು ಅವಳ ಮನಸ್ಸಿನಲ್ಲಿ ಎಲ್ಲೋ ತೊಡರಿಕೊಂಡಿತು. ಯಾಕೆಂದು ಇನ್ನೂ ಗೊತ್ತಾಗಲಿಲ್ಲ.

ಮನೆಯ ಬಾಗಿಲು ಮುಚ್ಚಿಕೊಳ್ಳದ ಹಾಗೆ ಒಂದು ಗುಂಡನೆಯ ಉಕ್ಕಿನ ತುಂಡನ್ನು ಆನಿಸಿಟ್ಟಿದ್ದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದುದನ್ನು ಕಂಡು ಅಣ್ಣ ಹತ್ತಿರ ಬಂದ. ದುಃಖದ ನಡುವೆಯೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು.

“ಶಾಫ್ಟ್ ಮಾಡಿ ಉಳಿದದ್ದು. ಫಿನಿಶಿಂಗ್ ನೋಡು. ಅಪ್ಪ ಕೆಂಪು ಸರಳು ಕಡಿಯೋವಾಗ ಲೇತ್ ಹೇಗೆ ಕಿರುಚುತ್ತಿತ್ತು ನೆನಪಿದೆಯಾ? ಉಳಿ ಮೇಲೆ ಉಳಿ ಹಾಳಾಗ್ತಿತ್ತು. ನನಗೆ ಬೆಣ್ಣೆ ಕಡಿದ ಹಾಗೆ ಬಂತು ಕಣೆ. ಸುರುಳಿ ಅನ್ನೋದೇ ಇಲ್ಲ, ರವೆ ಉದುರಿದ ಹಾಗೆ ಉದುರಿತು. ಅಪ್ಪ ಮಲಗಿದ್ದಲ್ಲಿಗೇ ಹೋಗಿ ಹೇಳಿದೆ. ಖುಷಿಯಾಗಿರಬೇಕು, ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ.”

*

ಹೋದ ಸಲ ಬಂದಾಗ ಅವಳು ಅಪ್ಪನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಗೋಡೆಯಾಚೆ ಲಿಫ್ಟಿನ ಗೂಡು, ಅದರ ಮೇಲೆ ರಾಟೆಯ ಕೋಣೆ. ಲಿಫ್ಟು ಹೊರಟಿತು. ಅಪ್ಪ ಎಡಗೈಯ ಚಮಚದಿಂದ ಗೋಡೆಗೆ ತಟ್ಟಿದ. ತಲೆಯನ್ನು ಗೋಡೆಯ ಕಡೆ ವಾಲಿಸಿದ. ಆಮೇಲೆ ಅವಳ ಮುಖ ನೋಡಿದ. ಮತ್ತೆ ತಟ್ಟಿದ. ಅಪ್ಪನ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡು, ಮಾತಾಗದ ಏನೋ ಹೊರಬಂತು. ಕಣ್ಣಲ್ಲಿ ನೀರು ಸುರಿಯಿತು.

ಅವಳು ಕಣ್ಣು ಒರೆಸಿ, ಬಾಗಿಲಿಗೆ ಹೋಗಿ ಕೂಗಿ ಹೇಳಿದ್ದಳು: “ಅಣ್ಣಾ, ಆ ಲಿಫ್ಟಿನ ಸದ್ದು ಅಪ್ಪನಿಗೆ ಹಿಂಸೆ ಆಗ್ತಿದೆ. ಸ್ವಲ್ಪ ಗ್ರೀಸ್ ಹಾಕೋ.”

*

ಹೊಳೆಯುವ ತುಂಡನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಒತ್ತಿಕೊಂಡು ಅವಳು ಎದ್ದಳು. ಯಾರೂ ಗಮನಿಸಲಿಲ್ಲ. ಬಾಗಿಲು ತಂತಾನೇ ಮುಚ್ಚಿಕೊಂಡಿತು. ಲಿಫ್ಟಿನ ಮುಂದೆ ಒಂದು ಕ್ಷಣ ನಿಂತು, ಮೆಟ್ಟಿಲಿಳಿದಳು.

ಅಂಗಡಿಯಲ್ಲಿ ದೀಪ ಹಾಕಿ ಅಟ್ಟಣೆಯ ಮುಂದೆ ನಿಂತಾಗ, ಬೆಳಿಗ್ಗೆ ಇಲ್ಲ ಎನ್ನಿಸಿದ್ದು ಏನೆಂದು ತಿಳಿಯಿತು. ಬಣ್ಣವೇ ಇರಲಿಲ್ಲ. ಸಾಲು ಸಾಲಾಗಿ ಹೊರಗೆ ಮುಖಮಾಡಿದ ಸರಳುಗಳ ತುದಿಗಳೆಲ್ಲ ಗರಗಸದ ಗೀರು ಬಿದ್ದು ಬರೀ ಬಿಳಿಚಿಕೊಂಡಿದ್ದವು. ಮೂಲೆಯ ಡಬ್ಬದಲ್ಲಿ ಕತ್ತರಿಸಿ ಎಸೆದ ಬಿಲ್ಲೆಗಳಿದ್ದವು, ಕೆಂಪು, ಹಳದಿ, ನೀಲಿ, ಅಂಗಿಯ ಗುಂಡಿಗಳ ಹಾಗೆ. ಅಪ್ಪ ಮಲಗಿದ ಇಷ್ಟು ದಿನಗಳಲ್ಲಿ ಅಣ್ಣ ಒಂದು ಸರಳನ್ನೂ ತಿರುಗಿಸಿರಲಿಲ್ಲ. ಎಡಗಡೆ ಯಾವುದು, ಬಲಗಡೆ ಯಾವುದು ಎಂಬುದೆಲ್ಲ ಈಗ ಅವನ ತಲೆಯೊಳಗೆ ಮಾತ್ರ.

ಗ್ರೈಂಡರಿನ ಗುಂಡಿ ಒತ್ತಿದಳು. ಆ ಮೌನದಲ್ಲಿ ಅದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅರಚಿಕೊಂಡಿತು. ಹೆಣ ಮೇಲಿದೆ, ಇವಳು ಕೆಳಗೆ ಮಿಷನ್ ಹಾಕಿದ್ದಾಳೆ. ಆಡಿಕೊಳ್ಳುವವರಿಗೆ ಇಷ್ಟು ಸಾಕು.

ತಂತಿಯಿಂದ ಕೆಂಪು ತುಂಡನ್ನು ಬಿಚ್ಚಿ ಮೊದಲು ಅದನ್ನು ಹಿಡಿದಳು. ಗಿಡ್ಡ, ಕಿತ್ತಳೆ, ಸೀಳಿದ ನಾಲಿಗೆ. ಕಣ್ಣು ಮರೆತಿರಲಿಲ್ಲ.

ಆಮೇಲೆ ಅಣ್ಣನ ತುಂಡು. ಉದ್ದುದ್ದನೆಯ ಹುಲ್ಲುಕಡ್ಡಿಗಳು ಚಿಮ್ಮಿ, ಕೊನೆಯಲ್ಲಿ ಉಬ್ಬಿ, ನೆಲಕ್ಕೆ ತಾಗುವ ಮುಂಚೆಯೇ ಆರಿಹೋದವು.

ಇನ್ನೊಂದು ಸಲ ಹಿಡಿದಳು. ತಪ್ಪಾಗಿರಲಿ, ತಪ್ಪಾಗಿರಲಿ ಎಂದುಕೊಂಡು ಮಗ್ಗುಲು ಬದಲಿಸಿ ಮತ್ತೂ ಒಂದು ಸಲ ಹಿಡಿದಳು. ತಿರುಪುಮೊಳೆಯ ಉಕ್ಕು. ಅದರ ಮೇಲೆ ಎರಡು ತಿಂಗಳಿಂದ ಒಂದು ಇಡೀ ಲಿಫ್ಟು ತೂಗುತ್ತಿದೆ, ಸಿಮೆಂಟಿನ ಮೂಟೆಗಳ ಸಮೇತ.

ಗ್ರೈಂಡರ್ ನಿಲ್ಲಿಸಿದಳು. ಅದರ ಸದ್ದು ಇಳಿಯುತ್ತ ಬಂದಾಗ, ಜಾಲರಿಯಾಚೆ ತಂತಿಹಗ್ಗಗಳು ಓಡುತ್ತಿರುವುದು ಕಾಣಿಸಿತು. ಲಿಫ್ಟು ಬರುತ್ತಿತ್ತು.

ಕೂಗಬೇಕೆಂದು ಬಾಯಿ ತೆರೆದಳು. ಕೂಗಿ ತಾನೇ ಏನು ಹೇಳುವುದು? ನಡುವೆ ನಿಂತರೂ ಅದೇ ಶಾಫ್ಟು, ಇಳಿದರೂ ಅದೇ ಶಾಫ್ಟು. ಅವಳು ಜಾಲರಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಳು. ಮೊದಲು ಲಿಫ್ಟಿನ ತಳ ಕಾಣಿಸಿತು, ಆಮೇಲೆ ಚಪ್ಪಲಿಗಳು, ಒಂದು ಜೊತೆ, ಇನ್ನೊಂದು ಜೊತೆ, ಎಷ್ಟೋ ಜೊತೆ. ಅತ್ತೆಯ ಊದಿದ ಪಾದ. ಸಾಣೆ ಮಾಮನ ಕೋಲು. ನೆಲಕ್ಕೆ ತಾಗದೆ ನೇತಾಡುತ್ತಿದ್ದ ಎರಡು ಪುಟ್ಟ ಬರಿಗಾಲು, ಪುಟ್ಟಿಯದು, ಅಣ್ಣನ ಸೊಂಟದ ಮೇಲಿನಿಂದ. ಲಿಫ್ಟು ಸಣ್ಣಗೆ ಒಮ್ಮೆ ಕುಲುಕಿ ನಿಂತಿತು. ಮೇಲೆ ಹಗ್ಗ ಸ್ವಲ್ಪ ಹೊತ್ತು ನಡುಗುತ್ತಿತ್ತು.

“ಮಾನ ಮರ್ಯಾದೆ ಇದೆಯಾ ನಿನಗೆ?” ಅತ್ತೆ ಬಾಗಿಲು ತೆರೆಯುವ ಮೊದಲೇ ಶುರು ಮಾಡಿದಳು. “ಹೆತ್ತಪ್ಪನ ಹೆಣ ಮೇಲಿದೆ, ಮಿಷನ್ ಹಾಕ್ತೀಯಲ್ಲೇ!”

“ಎಲ್ಲರೂ ಹೊರಗೆ ಬನ್ನಿ ಮೊದಲು. ಬನ್ನಿ ಅತ್ತೆ, ನಿಮ್ಮ ದಮ್ಮಯ್ಯ.” ಅವಳು ಪುಟ್ಟಿಯನ್ನು ಅಣ್ಣನ ಸೊಂಟದಿಂದ ಕಿತ್ತುಕೊಂಡಳು ಎಂದೇ ಹೇಳಬೇಕು. ಮಗು ಅಳತೊಡಗಿತು.

ಅಣ್ಣ ಅವಳ ಕೈಲಿದ್ದ ತುಂಡನ್ನು ನೋಡಿದ. ಅವಳ ತೋಳು ಹಿಡಿದು ಅಂಗಡಿಯ ಒಳಮೂಲೆಗೆ ಎಳೆದುಕೊಂಡು ಹೋದ. “ಏನಿದು ನಿಂದು?”

“ಅಣ್ಣ, ಇದು ಕೆಂಪಲ್ಲ. ಹಳದಿ.”

“ಯಾರ್ ಹೇಳಿದ್ದು? ಎಡಗಡೇದು ಕೆಂಪು, ಬಲಗಡೇದು ಹಳದಿ. ನನಗೆ ಚೆನ್ನಾಗಿ ನೆನಪಿದೆ.”

“ಬಣ್ಣ ಎಲ್ಲಿ?”

ಅವನು ಅಟ್ಟಣೆಯ ಕಡೆ ನೋಡಲಿಲ್ಲ. “ಕತ್ತರಿಸಿದೆ. ಏನೀಗ? ಅಪ್ಪನ ಹಾಗೆ ಒಂದೊಂದು ತುಂಡಿಗೂ ಸರಳನ್ನ ಬೀದಿಗೆ ಎಳೆದು ಮೆರವಣಿಗೆ ಮಾಡ್ತಾ ಕೂತ್ರೆ ಅಂಗಡಿ ನಡೆಯುತ್ತಾ? ಒಬ್ಬನೇ ನಾನು. ಆಸ್ಪತ್ರೆಗೆ ಓಡ್ಲಾ, ಅಂಗಡಿ ನೋಡ್ಲಾ? ನೀನು ಬಂದು ಕಿತ್ತಳೆ ಸುಲಿದು ಹೋಗಿದ್ದು ಬಿಟ್ರೆ ಇನ್ನೇನು ಮಾಡಿದ್ದೀಯ?”

ಅದು ನೇರವಾಗಿ ಬಂದು ನಾಟಿತು.

“ಮೇಲೆ ಇರೋರೆಲ್ಲಾ ಯಾರು ಗೊತ್ತಲ್ಲ? ಅಪ್ಪನ ಗಿರಾಕಿಗಳು. ನಾಳೆಯಿಂದ ನನ್ನ ಹತ್ರ ಬರಬೇಕಾದವರು. ಬಣ್ಣದ ತುದಿ ಕತ್ತರಿಸಿಬಿಟ್ಟ ಅಂತ ಒಂದು ಮಾತು ಹೊರಗೆ ಬಿದ್ರೆ, ಈ ಅಟ್ಟಣೆಯಲ್ಲಿರೋದನ್ನ ಗುಜರಿಯವನೂ ಮುಟ್ಟಲ್ಲ. ಇವತ್ತೇ ನನ್ನ ಮಾನ ತೆಗೀಬೇಕಾ? ಇವತ್ತೊಂದು ದಿನ ಸುಮ್ನಿರು. ನಾಳೆ ಬಿಚ್ಚಿ ನೋಡ್ತೀನಿ.”

“ಇವತ್ತು ಅಪ್ಪನ್ನ ಅದ್ರಲ್ಲಿ ಇಳಿಸ್ತೀಯ. ಆರು ಜನರ ಜೊತೆ. ನೀನೂ ಇರ್ತೀಯ ಅದ್ರಲ್ಲಿ.”

“ಈಗ ತಾನೇ ಬಂದ್ವಲ್ಲ, ಏನಾಯ್ತು?”

“ಅಪ್ಪ ಗೋಡೆ ತಟ್ತಿದ್ದದ್ದು ಯಾಕೆ ಅಂತ ಗೊತ್ತಾ ನಿನಗೆ?” ಅವಳು ತುಂಡನ್ನು ಅವನ ಮುಂದೆ ಹಿಡಿದಳು. “ಸದ್ದು ಜಾಸ್ತಿ ಅಂತಲ್ಲ ಅಣ್ಣ. ನಾದ ಕೇಳು ಅಂತ. ನನಗೂ ಹೇಳಿದ್ದ, ಮುಖಕ್ಕೆ ಮುಖ ಕೊಟ್ಟು ಹೇಳಿದ್ದ. ನಾನು ಗ್ರೀಸ್ ಹಾಕಿಸಿದೆ.”

ಅವಳು ಎರಡು ತುಂಡುಗಳನ್ನೂ ಅವನ ಅಂಗೈಗೆ ಹಾಕಿದಳು. “ನನ್ನ ಮಾತು ಬೇಡ. ನೀನೇ ಹಿಡಿ.”

ಜೀವನದಲ್ಲಿ ಅವನು ಕಿಡಿ ನೋಡಿದವನಲ್ಲ. ಅದು ತಂಗಿಯ ಕೆಲಸ ಎಂದು ಚಿಕ್ಕಂದಿನಲ್ಲೇ ಮುನಿಸಿಕೊಂಡು ಬಿಟ್ಟುಕೊಟ್ಟಿದ್ದ. ಈಗ ಗ್ರೈಂಡರಿನ ಮುಂದೆ ಬಗ್ಗಿ, ಮೊದಲು ಅಪ್ಪನ ಕೆಂಪು ತುಂಡನ್ನು ಹಿಡಿದ, ಆಮೇಲೆ ತನ್ನದನ್ನು. ಅವನ ಗಡ್ಡದ ಮುಖ ಒಂದು ಸಲ ಕಿತ್ತಳೆಯಾಗಿ, ಒಂದು ಸಲ ಹಳದಿಯಾಗಿ ಬೆಳಗಿತು. ಇದನ್ನು ಓದಲು ಯಾವ ವಿದ್ಯೆಯೂ ಬೇಕಿರಲಿಲ್ಲ, ಪಕ್ಕಪಕ್ಕ ಇಟ್ಟರೆ ಕುರುಡನಿಗೂ ಕಾಣುವಷ್ಟು ಬೇರೆ ಬೇರೆ. ಅವನು ಯಂತ್ರ ನಿಲ್ಲಿಸಿದ ಮೇಲೂ ಬಗ್ಗಿದಲ್ಲಿಂದ ಏಳಲಿಲ್ಲ.

ಆಮೇಲೆ ಎದ್ದು, ಸರಪಳಿ ಹುಡುಕಿ ತಂದು, ಲಿಫ್ಟಿನ ಬಾಗಿಲಿಗೆ ಸುತ್ತಿ ಬೀಗ ಹಾಕಿದ.

“ಲಿಫ್ಟು ಸರಿಯಿಲ್ಲ,” ಎಂದ, ಯಾರ ಮುಖವನ್ನೂ ನೋಡದೆ. “ಅಪ್ಪ ಮೆಟ್ಟಿಲಲ್ಲೇ ಬರ್ತಾನೆ.”

“ಈಗ ತಾನೇ ಅದ್ರಲ್ಲೇ ಬಂದ್ವಲ್ಲೋ!” ಎಂದಳು ಅತ್ತೆ.

“ಬಂದ್ವಿ,” ಎಂದ ಅಣ್ಣ.

*

ಮೆಟ್ಟಿಲು ಕಡಿದಾಗಿತ್ತು. ನಾಲ್ವರು ಕೆಳಗೆ, ಇಬ್ಬರು ಮೇಲೆ ಹಿಡಿದರು. ಪ್ರತಿ ತಿರುವಿನಲ್ಲೂ ಹಲಗೆಯ ಒಂದು ತುದಿ ಗೋಡೆಗೆ ಬಡಿಯಿತು. ಹಿಂದೆ ಎಳೆದು, ಮೇಲೆತ್ತಿ, ಓರೆ ಮಾಡಿ, ಕಡೆಗೆ ಅಪ್ಪನನ್ನು ನೆಟ್ಟಗೆ ನಿಲ್ಲಿಸಿಯೇ ತಿರುಗಿಸಬೇಕಾಯಿತು. ವೆಲ್ಡರ್ ಬೆವೆತುಹೋಗಿದ್ದ. “ತಲೆ ಈ ಕಡೆ ಬರಲಿ, ಕಾಲು ಆ ಕಡೆ, ಇಲ್ಲಪ್ಪಾ, ಹಿಂದುಮುಂದು ಮಾಡ್ರೋ,” ಎಂದು ಕೂಗಾಡುತ್ತಿದ್ದ.

“ಸರಿಯಾಗಿ ತಿರುಗಿಸ್ರಯ್ಯಾ,” ಮೇಲಿನ ಮೆಟ್ಟಿಲಲ್ಲಿ ಕೋಲೂರಿ ನಿಂತ ಸಾಣೆ ಮಾಮ ಹೇಳಿದ. “ಒಂದೊಂದು ತುಂಡಿಗೂ ಬೀದಿ ತುಂಬ ಸರಳು ತಿರುಗಿಸಿದವನು ಅವನು. ಇವತ್ತು ಅವನ ಸರದಿ.”

ಕೆಳಗಿನಿಂದ ಹಿಡಿದಿದ್ದ ಅಣ್ಣ ತಲೆಯೆತ್ತಲಿಲ್ಲ. ಪ್ರತಿ ತಿರುವಿನಲ್ಲೂ ಹಲಗೆಯ ಪೂರ್ತಿ ಭಾರ ಅವನ ಹೆಗಲಿಗೇ ಬರುತ್ತಿತ್ತು. ಬೇರೆಯವರು ಬದಲಾಯಿಸುತ್ತೇವೆ ಎಂದರೂ ಬಿಡಲಿಲ್ಲ.

ಸ್ಮಶಾನದಲ್ಲಿ ಮಣ್ಣು ಹಾಕಿದ್ದೂ ಆಯಿತು, ಜನ ಚದುರಿದ್ದೂ ಆಯಿತು. ಯಾರೂ ಲಿಫ್ಟಿನ ಮಾತೆತ್ತಲಿಲ್ಲ. ವೆಲ್ಡರ್ ಹೊರಡುವಾಗ ಅಣ್ಣನ ಬೆನ್ನು ತಟ್ಟಿ, “ಮುಂದಿನ ವಾರ ಬರ್ತೀನಪ್ಪಾ, ಒಂದು ದೊಡ್ಡ ಗೇಟಿದೆ” ಎಂದ. ಅಣ್ಣ ತಲೆಯಾಡಿಸಿದ, ಹೂಂ ಎನ್ನಲಿಲ್ಲ.

*

ಮನೆಗೆ ಬಂದವನು ಬಟ್ಟೆ ಕೂಡ ಬದಲಿಸದೆ ಸ್ಪ್ಯಾನರುಗಳ ಚೀಲ ಹಿಡಿದು ರಾಟೆಯ ಕೋಣೆಗೆ ಹತ್ತಿದ. ಅವಳೂ ಹಿಂದೆಯೇ ಹೋದಳು. ಲಿಫ್ಟಿನ ಕೆಳಗೆ ಅಡ್ಡ ತೊಲೆ ಕೊಟ್ಟು, ಚೈನ್ ಕಪ್ಪಿಯಲ್ಲಿ ಅದರ ಭಾರ ಹಿಡಿದು, ಹಗ್ಗ ಸಡಿಲಿಸಿ, ರಾಟೆ ಬಿಚ್ಚುವಷ್ಟರಲ್ಲಿ ಬಿಸಿಲು ಇಳಿದಿತ್ತು. ಎಲ್ಲೆಲ್ಲೂ ಗ್ರೀಸು. ಅಣ್ಣ ಶಾಫ್ಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ತಾರಸಿಗೆ ತಂದು, ಎರಡು ಇಟ್ಟಿಗೆಗಳ ಮೇಲೆ ಮಲಗಿಸಿದ. ಟವೆಲಿನಿಂದ ಒರೆಸಿದ. ನಿಜಕ್ಕೂ ಚೆಂದದ ಕೆಲಸ, ಮುಖ ಕಾಣುವಷ್ಟು ಹೊಳಪು.

“ಏನೂ ಆಗಿಲ್ಲ ನೋಡು,” ಎಂದ. ಹಾಗೆಂದು ನಂಬಬೇಕೆಂಬ ಆಸೆ ಅವನ ದನಿಯಲ್ಲಿತ್ತು. ಅವಳಿಗೂ ಅದೇ ಆಸೆಯಿತ್ತು.

ಅವನು ಅಪ್ಪನ ಪುಟ್ಟ ಸುತ್ತಿಗೆ ತೆಗೆದುಕೊಂಡು, ತಲೆ ವಾಲಿಸಿ, ಮೆಲ್ಲಗೆ ತಟ್ಟಿದ.

ಟಕ್.

ಮರಕ್ಕೆ ತಟ್ಟಿದ ಹಾಗೆ ಸದ್ದು ಸತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಟಕ್.

ರಾಟೆ ಕೂರುವ ಜಾಗದಲ್ಲಿ ಶಾಫ್ಟು ಎರಡಾಗಿ, ಒಂದು ತುಂಡು ಉರುಳಿ ಅವಳ ಕಾಲಿನ ಹತ್ತಿರ ಬಂದು ನಿಂತಿತು.

ಅವಳು ಕುಕ್ಕರಗಾಲಲ್ಲಿ ಕೂತು ಅದನ್ನು ಎತ್ತಿಕೊಂಡಳು. ಮುರಿದ ಮುಖದ ಅಂಚಿನಿಂದ ಒಳಗೆ ಕಪ್ಪು. ಗ್ರೀಸು ಕುಡಿದು, ಒಂದಕ್ಕೊಂದು ಉಜ್ಜಿ ನುಣುಪಾಗಿ, ಮರದ ವರ್ಷಗಳ ಹಾಗೆ ಸುತ್ತು ಸುತ್ತು ಗೆರೆ ಎದ್ದು, ದಿನಾ ಸ್ವಲ್ಪ ಸ್ವಲ್ಪವಾಗಿ ಬಿರುಕು ಬಿಟ್ಟುಕೊಂಡು ಬಂದದ್ದು. ನಡುವೆ ಒಂದೇ ಒಂದು ಕಡೆ ಹೊಸ ಲೋಹ ಸಕ್ಕರೆಯ ಹರಳಿನ ಹಾಗೆ ಮಿನುಗುತ್ತಿತ್ತು. ಇಷ್ಟು ಹೊತ್ತೂ ಹಿಡಿದುಕೊಂಡಿದ್ದದ್ದು ಅದೊಂದೇ. ಅವಳು ಅದರ ಮೇಲೆ ಹೆಬ್ಬೆರಳಿಟ್ಟಳು. ಉಗುರಿನಡಿ ಅದು ಪೂರ್ತಿ ಮುಚ್ಚಿಹೋಯಿತು.

ಅಣ್ಣ ಇನ್ನೊಂದು ತುಂಡನ್ನು ಮಡಿಲಲ್ಲಿಟ್ಟುಕೊಂಡು ತಾರಸಿಯ ಮೇಲೆ ಕೂತುಬಿಟ್ಟಿದ್ದ. ಕೋಣೆಯೊಳಗೆ ಲಿಫ್ಟಿನ ಗಂಟೆ ಬಡಿಯಿತು. ನಾಲ್ಕು ಮಹಡಿ ಕೆಳಗಿನಿಂದ, ಲಿಫ್ಟಿನ ಗೂಡಿನೊಳಗೆ ದನಿ ಸುತ್ತಿ ಸುತ್ತಿ ಬಂತು. ಅತ್ತೆಯದು.

“ಯಾರ್ರೋ ಅದು ಮೇಲೆ? ಬಂದು ಈ ಲಿಫ್ಟಿನ ಬೀಗ ತೆಗೀರೋ. ಪುಟ್ಟಿಗೆ ನಿದ್ದೆ ಬಂದಿದೆ, ನನ್ನ ಮೊಣಕಾಲು ಕೈಲಾಗಲ್ಲ ಅಂತಿದೆ.”

ಗಂಟೆ ಮತ್ತೆ ಬಡಿಯಿತು. ಅವಳು ಹೆಬ್ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.